ಸಿಪ್ಪೆ ತಿಂದವನು

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ಖಟ್ಲೆ ನಡೆಯಿತು. ನ್ಯಾಯಾಧೀಶೆ ನನ್ನ ಶ್ರೀಮತಿ. ಆಪಾದಿತರು ಇಬ್ಬರು ಮೊಮ್ಮಕ್ಕಳು. ಮಗಳ ಮಗನಿಗೆ ಹನ್ನೆರಡು ವರ್ಷ. ಮಗನ ಮಗನಿಗೆ ಆಗಷ್ಟೇ ಆರು ತುಂಬಿತ್ತು. ಅಡಿಗೆಮನೆಯ ನಾಗಂದಿಗೆಯ ಮೇಲೆ ಮಾವಿನ ಮಿಡಿ ತುಂಬಿದ ಒಂದು ಭರಣಿ ಇತ್ತು. ಅದು ನನ್ನ ಅತ್ತೆಯವರು ತಮ್ಮ ಮದುವೆಯ ಕಾಲದಲ್ಲಿ ತವರಿನಿಂದ ತಂದದ್ದು. ಮಿಡಿಯ ಆಸೆಗೆ ದೊಡ್ಡವನು ಸ್ಟೂಲು ಹತ್ತಿದ; ಚಿಕ್ಕವನು ಸ್ಟೂಲು ಹಿಡಿದ. ಭರಣಿ ಕೆಳಗೆ ಬಿದ್ದು ಮೂರು ಹೋಳಾಯಿತು.

ಸಂಗತಿ ಬೆಳಕಿಗೆ ಬರುವ ಹೊತ್ತಿಗೆ ದೊಡ್ಡವನು ಸಂಜೆಯ ಬಸ್ಸಿನಲ್ಲಿ ತನ್ನ ಊರಿಗೆ ಹೊರಟುಹೋಗಿದ್ದ. ಕೈಗೆ ಸಿಕ್ಕವನು ಚಿಕ್ಕವನೊಬ್ಬನೇ. ನನ್ನ ಶ್ರೀಮತಿ ಭರಣಿಯ ಹೋಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಅವಳ ಕಣ್ಣಲ್ಲಿ ನೀರು. ಆ ದುಃಖವೆಲ್ಲ ಸಿಟ್ಟಾಗಿ ತಿರುಗಿ ಆ ಆರು ವರ್ಷದ ತಲೆಯ ಮೇಲೆ ಸುರಿಯಿತು. ರಜೆ ಮುಗಿಯುವವರೆಗೆ ಆಟವಿಲ್ಲ, ತಿಂಡಿಯಿಲ್ಲ, ಅಜ್ಜಿಯ ಪಕ್ಕದಲ್ಲಿ ಮಲಗುವಂತಿಲ್ಲ ಎಂದು ತೀರ್ಪಾಯಿತು.

ನಾನು ಮೆಲ್ಲನೆ, "ಹತ್ತಿದವನು ಇನ್ನೊಬ್ಬನಲ್ಲವೇ?" ಎಂದೆ.

"ನೀವು ಮೂವತ್ತೈದು ವರ್ಷ ಕೋರ್ಟಿನಲ್ಲಿ ಕುಳಿತು ಬಂದವರು. ಹಿಡಿದವನೂ ಹತ್ತಿದವನೂ ಒಂದೇ ಎಂದು ನಿಮ್ಮ ಕಾನೂನೇ ಹೇಳುವುದಿಲ್ಲವೇ?" ಎಂದು ಅವಳು ಕೇಳಿದಳು.

ಹೇಳುತ್ತದೆ. ಅದನ್ನು ಅಲ್ಲಗಳೆಯುವ ಹಾಗಿಲ್ಲ. ನಾನು ಜಿಲ್ಲಾ ನ್ಯಾಯಸ್ಥಾನಗಳಲ್ಲಿ ಶೀಘ್ರಲಿಪಿಕಾರನಾಗಿದ್ದವನು. ನ್ಯಾಯಾಧೀಶರು ನುಡಿದದ್ದನ್ನು ಬರೆದುಕೊಂಡು ಬೆರಳಚ್ಚು ಮಾಡುವುದಷ್ಟೇ ನನ್ನ ಕೆಲಸ. ತೀರ್ಪು ಕೊಡುವ ಅಧಿಕಾರ ನನಗೆ ಎಂದೂ ಇರಲಿಲ್ಲ. ಆದರೂ ನನ್ನ ಬೆರಳುಗಳು ಅಚ್ಚೊತ್ತಿದ ಅಕ್ಷರಗಳಿಂದ ಎಷ್ಟೋ ಮಂದಿ ಸೆರೆಮನೆಗೆ ಹೋಗಿದ್ದಾರೆ. ಅವುಗಳಲ್ಲಿ ಒಂದು ತೀರ್ಪು ಮಾತ್ರ ನಿವೃತ್ತನಾದ ಮೇಲೂ ನನ್ನನ್ನು ಬಿಟ್ಟಿಲ್ಲ. ಒಡೆದ ಭರಣಿಯ ಮುಂದೆ ನಿಂತಿದ್ದ ಆ ಹುಡುಗನ ಮುಖ ನೋಡಿದಾಗ ಅದೇ ನೆನಪಾಯಿತು.

1986ರ ಮಾತು. ಒಂದು ಸಣ್ಣ ಪಟ್ಟಣದಲ್ಲಿ ಒಡವೆ ಅಡವಿಟ್ಟುಕೊಂಡು ಸಾಲ ಕೊಡುತ್ತಿದ್ದ ವೃದ್ಧೆಯೊಬ್ಬರು ಒಂಟಿಯಾಗಿ ವಾಸವಾಗಿದ್ದರು. ಒಂದು ರಾತ್ರಿ ನಾಲ್ವರು ಅಲ್ಲಿಗೆ ಬಂದರು. ಮೂವರು ಒಳಗೆ ಹೋದರು. ನಾಲ್ಕನೆಯವನು ಇಪ್ಪತ್ತರ ಆಸುಪಾಸಿನ ಹುಡುಗ. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದವನು. ಯಾರಾದರೂ ಬಂದರೆ ಶಿಳ್ಳೆ ಹಾಕೆಂದು ಅವನನ್ನು ಬೀದಿಯ ಬಾಗಿಲಲ್ಲಿ ನಿಲ್ಲಿಸಿದ್ದರು. ಅದಕ್ಕೆ ಕೂಲಿ ಐವತ್ತು ರೂಪಾಯಿ. ಬೆಳಗಾಗುವಾಗ ವೃದ್ಧೆ ಸತ್ತಿದ್ದರು; ಪೆಟ್ಟಿಗೆ ಬರಿದಾಗಿತ್ತು.

ಇವರ ಮುಖಂಡ ತಲೆತಪ್ಪಿಸಿಕೊಂಡ. ಒಡವೆಯ ಬಹುಪಾಲೂ ಅವನೊಡನೆ ಹೋಯಿತು. ಅವನು ಕೊನೆಗೂ ಸಿಕ್ಕಲಿಲ್ಲ. ಒಳಗೆ ಹೋಗಿದ್ದ ಎರಡನೆಯವನು ಬುದ್ಧಿವಂತ. ನಡೆದದ್ದನ್ನೆಲ್ಲ ಹೇಳಿಬಿಡುತ್ತೇನೆಂದು ಒಪ್ಪಿ ಮಾಫಿ ಸಾಕ್ಷಿಯಾದ. ಹೀಗೆ ಕ್ಷಮೆ ನೀಡಲು ಕಾನೂನಿನಲ್ಲಿ ಅವಕಾಶವುಂಟು. ಒಳಗಿನ ಮಾತು ಒಳಗಿದ್ದವನಿಂದಲೇ ಹೊರಬರಬೇಕಾದಾಗ ಬೇರೆ ದಾರಿಯಿರುವುದಿಲ್ಲ. ಮೂರನೆಯವನಿಗೆ ಜೀವಾವಧಿ ಶಿಕ್ಷೆಯಾಯಿತು. ಬಾಗಿಲಲ್ಲಿ ನಿಂತಿದ್ದ ಹುಡುಗನಿಗೂ ಅಷ್ಟೇ ಆಯಿತು.

ಆ ಹುಡುಗನು ಏಕೆ ಮಾಫಿ ಸಾಕ್ಷಿಯಾಗಲಿಲ್ಲವೆಂದು ನಾನು ಬಹುಕಾಲ ಯೋಚಿಸಿದ್ದೇನೆ. ಉತ್ತರ ಸರಳವಾಗಿದೆ. ಅವನಲ್ಲಿ ಮಾರುವುದಕ್ಕೆ ಏನೂ ಇರಲಿಲ್ಲ. ಒಳಗೆ ಯಾರು ಕೈ ಎತ್ತಿದರು, ಯಾವ ಆಯುಧ, ಒಡವೆ ಎಲ್ಲಿ ಹೋಯಿತು ಎಂಬ ಒಂದೂ ಅವನಿಗೆ ತಿಳಿಯದು. ಅಪರಾಧದಲ್ಲಿ ಹೆಚ್ಚು ಮುಳುಗಿದವನು ಹೆಚ್ಚು ಬಲ್ಲ. ಹೆಚ್ಚು ಬಲ್ಲವನು ಅದನ್ನು ಕೊಟ್ಟು ತನ್ನ ತಲೆ ಉಳಿಸಿಕೊಳ್ಳಬಲ್ಲ. ಅಂಚಿನಲ್ಲಿ ನಿಂತವನ ಕೈ ಬರಿದು. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಶಿಕ್ಷೆ ವಿಧಿಸುವ ಮುನ್ನ ಅಪರಾಧಿಯನ್ನು ವಿಚಾರಿಸಬೇಕೆಂಬುದು ನಿಯಮ. ನ್ಯಾಯಾಧೀಶರು, "ಏನಾದರೂ ಹೇಳುವುದಿದೆಯೇ?" ಎಂದು ಕೇಳಿದರು. ಹುಡುಗ ಹೇಳಿದ್ದು ಒಂದೇ ಮಾತು: "ನಾನು ಒಳಗೆ ಹೋಗಲಿಲ್ಲ, ಸ್ವಾಮಿ." ನ್ಯಾಯಾಧೀಶರು ಕಠಿಣಹೃದಯರಲ್ಲ. ಕೋಣೆಗೆ ಬಂದು ಶಿಕ್ಷೆಯ ಆದೇಶ ಬರೆಸುವಾಗ ಬಹಳ ಹೊತ್ತು ಸುಮ್ಮನಿದ್ದರು. ನನ್ನ ಪೆನ್ಸಿಲು ಕಾಗದದ ಮೇಲೆ ನಿಂತೇ ಇತ್ತು. ಕೊನೆಗೆ, "ಕೊಲೆಯೆಂದು ಒಮ್ಮೆ ಹೇಳಿದ ಮೇಲೆ ಜೀವಾವಧಿಗಿಂತ ಕೆಳಗೆ ಮೆಟ್ಟಿಲಿಲ್ಲವಯ್ಯಾ" ಎಂದರು. ಅದು ನನಗೆ ಹೇಳಿದ್ದೋ ತಮಗೆ ತಾವೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಅದನ್ನು ನಾನು ಬರೆದುಕೊಳ್ಳಲಿಲ್ಲ.

ಅವರ ಮಾತು ನಿಜವಾಗಿತ್ತು. 1860ರ ದಂಡಸಂಹಿತೆಯ 34ನೆಯ ಪ್ರಕರಣದಂತೆ, ಹಲವರು ಒಂದೇ ಉದ್ದೇಶದಿಂದ ಕೂಡಿ ಎಸಗಿದ ಕೃತ್ಯಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಎಸಗಿದಂತೆ ಹೊಣೆಗಾರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ತತ್ತ್ವ ಹಾಗೆಯೇ ಉಳಿದಿದೆ. ಕೊಲೆಗೆ ಇರುವ ಶಿಕ್ಷೆಗಳು ಎರಡೇ: ಮರಣ, ಇಲ್ಲವೇ ಜೀವಾವಧಿ. ಇಲ್ಲಿ ಒಂದು ವಿಚಿತ್ರವನ್ನು ಓದುಗರು ಗಮನಿಸಬೇಕು. ಅದೇ ಹಳೆಯ ಸಂಹಿತೆಯಲ್ಲಿ ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಕೂಡಿ ನಡೆಸಿದ ಸುಲಿಗೆಗೆ ಡಕಾಯಿತಿ ಎಂದು ಹೆಸರು. ಡಕಾಯಿತಿಯಲ್ಲಿ ಒಬ್ಬನು ಕೊಲೆ ಮಾಡಿದರೆ ಮಿಕ್ಕವರೂ ಮರಣದಂಡನೆಗೆ ಗುರಿಯಾಗಬಹುದು. ಆದರೆ ನ್ಯಾಯಾಧೀಶರು ಮನಸ್ಸು ಮಾಡಿದರೆ ಹತ್ತು ವರ್ಷಗಳ ಒಳಗಿನ ಸೆರೆವಾಸಕ್ಕೂ ಇಳಿಯಬಹುದಾಗಿತ್ತು. ನಮ್ಮ ಖಟ್ಲೆಯಲ್ಲಿ ಇದ್ದವರು ನಾಲ್ವರು. ಐದನೆಯ ಕಳ್ಳನೊಬ್ಬ ಇದ್ದಿದ್ದರೆ ಬಾಗಿಲ ಹುಡುಗನಿಗೆ ಕೆಳಗಿನ ಮೆಟ್ಟಿಲು ಸಿಗುತ್ತಿತ್ತೇನೋ!

ಹಾಗೆಂದು 34ನೆಯ ಪ್ರಕರಣ ಅನ್ಯಾಯದ್ದೆಂದು ನಾನು ಹೇಳುವವನಲ್ಲ. 1923ರ ಆಗಸ್ಟ್ ತಿಂಗಳಲ್ಲಿ ಕಲ್ಕತ್ತೆಯ ಶಂಕರಿತೋಲಾ ಅಂಚೆಕಚೇರಿಗೆ ಕೆಲವರು ನುಗ್ಗಿ ಅಂಚೆಯ ಅಧಿಕಾರಿಯನ್ನು ಗುಂಡಿಕ್ಕಿ ಕೊಂದರು. ಸಿಕ್ಕಿಬಿದ್ದ ಬಾರೇಂದ್ರ ಕುಮಾರ ಘೋಷನು, ತಾನು ಹೊರಗೆ ಅಂಗಳದಲ್ಲಿ ನಿಂತಿದ್ದವನು ಮಾತ್ರ ಎಂದು ವಾದಿಸಿದ. ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ಅಪರಾಧದಲ್ಲಿ ನಿಂತು ಕಾಯುವುದೂ ಒಂದು ಊಳಿಗವೇ ಎಂಬುದು ಅದರ ಅಭಿಪ್ರಾಯ. ಒಬ್ಬ ಹೊಡೆದ, ಮಿಕ್ಕವರು ನೋಡಿದರು ಎಂದು ಬಿಟ್ಟುಬಿಟ್ಟರೆ ತಂಡ ಕಟ್ಟಿಕೊಂಡು ಕೊಲ್ಲುವವರಿಗೆ ಭಯವೇ ಇರದು.

ಇದಕ್ಕಿಂತ ದೊಡ್ಡ ವಾದವನ್ನು ನಾನು ಕೇಳಿದ್ದು ವಕೀಲರ ಬಾಯಲ್ಲಿ ಅಲ್ಲ. ತೀರ್ಪಾದ ಕೆಲವು ದಿನಗಳಲ್ಲಿ ಸತ್ತ ವೃದ್ಧೆಯ ಮಗಳು ತೀರ್ಪಿನ ನಕಲಿಗಾಗಿ ಕಚೇರಿಗೆ ಬಂದಿದ್ದರು. ಮಧ್ಯವಯಸ್ಸಿನ ಗೃಹಿಣಿ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಪುಟಗಳನ್ನು ಎಣಿಸಿ ಕೊಡುತ್ತ ನಾನು, ಆ ಹುಡುಗನಿಗೆ ಸ್ವಲ್ಪ ಹೆಚ್ಚಾಯಿತೇನೋ ಎಂಬ ಅರ್ಥದ ಮಾತನ್ನು ಆಡಿಬಿಟ್ಟೆ. ಆಡಬಾರದಾಗಿತ್ತು. ಆಕೆ ಕೂಗಾಡಲಿಲ್ಲ. ತಗ್ಗಿದ ದನಿಯಲ್ಲಿ, "ನಮ್ಮ ಅಮ್ಮ ಚೀರಿಕೊಂಡಿರಬೇಕಲ್ಲವೇ? ಒಳಗೆ ಹೋದವರು ಕೊಲ್ಲುವುದಕ್ಕೆ ಹೋದವರು. ಅವರಲ್ಲಿ ದಯೆ ಕೇಳುವಂತಿಲ್ಲ. ಬಾಗಿಲಲ್ಲಿ ನಿಂತವನು ಒಮ್ಮೆ ಕೂಗಿದ್ದರೆ ಬೀದಿಯೇ ಏಳುತ್ತಿತ್ತು" ಎಂದರು. ನನಗೆ ಉತ್ತರ ತೋಚಲಿಲ್ಲ. ಈಗಲೂ ಪೂರ್ತಿ ತೋಚಿಲ್ಲ.

ಆದರೆ ಆ ಮಾತನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಮೆಲುಕು ಹಾಕಿದ ಮೇಲೆ ಒಂದು ಸಂಗತಿ ಸ್ಪಷ್ಟವಾಯಿತು. ಆಕೆ ಆ ಹುಡುಗನ ಮೇಲೆ ಹೊರಿಸಿದ್ದು ಕೊಲೆಯ ದೋಷವಲ್ಲ, ಮೌನದ ದೋಷ. ಅದು ಸಣ್ಣದಲ್ಲ, ಅದಕ್ಕೂ ಅವನು ಬೆಲೆ ತೆರಲೇಬೇಕು. ತೆರುವ ಬೆಲೆ ಮಾತ್ರ ಅವನ ಮೌನದ್ದೇ ಆಗಿರಬೇಕು. ತಪ್ಪಿಸಿಕೊಂಡು ಹೋದವನ ಬಾಕಿಯನ್ನೂ ಅದರೊಳಗೆ ಸೇರಿಸಬಾರದು. ಅಪರಾಧಿಯೇ ಅಲ್ಲವೇ ಎಂಬುದು ಒಂದು ಪ್ರಶ್ನೆ. ಎಷ್ಟು ಅಪರಾಧಿ ಎಂಬುದು ಇನ್ನೊಂದು. ಮೊದಲನೆಯದಕ್ಕೆ ತಂಡವನ್ನೆಲ್ಲ ಒಟ್ಟಿಗೆ ನಿಲ್ಲಿಸಿ ನೋಡಬಹುದು. ಎರಡನೆಯದಕ್ಕೆ ಒಬ್ಬೊಬ್ಬನನ್ನೇ ಬೇರೆಬೇರೆಯಾಗಿ ತೂಗಬೇಕು.

ಹಾಗೆ ತೂಗದೆ ಹೋದರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಖಟ್ಲೆ ಜಗತ್ಪ್ರಸಿದ್ಧವಾಗಿದೆ. 1952ರ ನವೆಂಬರ್ 2ರ ರಾತ್ರಿ ಲಂಡನ್ನಿನ ಬಳಿಯ ಕ್ರಾಯ್ಡನ್‌ನಲ್ಲಿ ಇಬ್ಬರು ಹುಡುಗರು ಕಳ್ಳತನಕ್ಕೆಂದು ಒಂದು ಉಗ್ರಾಣದ ಮಾಳಿಗೆ ಹತ್ತಿದರು. ಕ್ರಿಸ್ಟೋಫರ್ ಕ್ರೇಗ್‌ಗೆ 16 ವರ್ಷ. ಅವನ ಬಳಿ ರಿವಾಲ್ವರ್ ಇತ್ತು. ಡೆರೆಕ್ ಬೆಂಟ್ಲಿಗೆ 19 ವರ್ಷ. ಆದರೆ ಬುದ್ಧಿ ಹನ್ನೊಂದು ವರ್ಷದ ಹುಡುಗನಷ್ಟು. ಓದುಬರಹ ಬಾರದು. ಪೊಲೀಸರು ಬಂದು ಬೆಂಟ್ಲಿಯನ್ನು ಹಿಡಿದರು. ಅವನು ಬಿಡಿಸಿಕೊಂಡು ಓಡಲಿಲ್ಲ. ಸುಮಾರು ಕಾಲು ಗಂಟೆಯ ಮೇಲೆ ಕ್ರೇಗ್ ಹಾರಿಸಿದ ಗುಂಡಿಗೆ ಸಿಡ್ನಿ ಮೈಲ್ಸ್ ಎಂಬ ಪೊಲೀಸಿನವನು ಸತ್ತ. ಗುಂಡು ಹಾರಿಸೆಂದು ಬೆಂಟ್ಲಿ ಕೂಗಿ ಹೇಳಿದನೆಂದು ಪೊಲೀಸರ ಸಾಕ್ಷ್ಯ; ಅಂಥ ಮಾತೇ ಆಡಲಿಲ್ಲವೆಂದು ಹುಡುಗರಿಬ್ಬರೂ ಹೇಳಿದರು.

ಗುಂಡು ಹಾರಿಸಿದವನಿಗೆ ಹದಿನೆಂಟು ತುಂಬಿರಲಿಲ್ಲವಾದ್ದರಿಂದ ಅವನನ್ನು ಗಲ್ಲಿಗೇರಿಸುವಂತಿರಲಿಲ್ಲ. ಜ್ಯೂರಿಯವರು ಬೆಂಟ್ಲಿಗೆ ದಯೆ ತೋರಬೇಕೆಂದು ಕೋರಿದ್ದರು. ಗೃಹಮಂತ್ರಿಗಳು ಅದನ್ನು ಪುರಸ್ಕರಿಸಲಿಲ್ಲ. 1953ರ ಜನವರಿ 28ರಂದು ಬೆಂಟ್ಲಿಯನ್ನು ಗಲ್ಲಿಗೇರಿಸಿದರು. ಕ್ರೇಗ್ 1963ರಲ್ಲಿ ಬಿಡುಗಡೆಯಾಗಿ ಹೊರಗೆ ಬಂದ. ಬೆಂಟ್ಲಿಯ ಅಕ್ಕ ಐರಿಸ್ ತಮ್ಮನ ಹೆಸರಿಗಾಗಿ ಜೀವಮಾನವೆಲ್ಲ ಹೋರಾಡಿ 1997ರಲ್ಲಿ ತೀರಿಕೊಂಡರು. 1998ರ ಜುಲೈ 30ರಂದು, ವಿಚಾರಣೆಯೇ ನ್ಯಾಯವಾಗಿ ನಡೆದಿರಲಿಲ್ಲವೆಂದು ಹೇಳಿ ಅಲ್ಲಿಯ ಮೇಲ್ಮನವಿಯ ನ್ಯಾಯಾಲಯ ಶಿಕ್ಷೆಗೆ ಆಧಾರವಾದ ತೀರ್ಪನ್ನು ರದ್ದು ಮಾಡಿತು. ಆ ಸುದ್ದಿ ಓದಿದ ದಿನ ನಾನು ಕಚೇರಿಯಲ್ಲಿ ಬೆರಳಚ್ಚಿನ ಯಂತ್ರದ ಮುಂದೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಸತ್ತು ನಲವತ್ತೈದು ವರ್ಷವಾದವನಿಗೆ ತೀರ್ಪಿನ ನಕಲನ್ನು ಯಾರು ತಲುಪಿಸುವವರು?

ಅದು ಪರದೇಶದ ಮಾತಾಯಿತೆನ್ನಬೇಡಿ. ನಮ್ಮ ದೇಶದಲ್ಲಿಯೇ ಒಂದು ಕುಟುಂಬದ ನಾಲ್ವರ ಕೊಲೆಗಾಗಿ ಉತ್ತರ ಪ್ರದೇಶದ ಮೂವರಿಗೆ ಮರಣದಂಡನೆಯಾಗಿತ್ತು. ಮೂವರ ಪಾಲೂ ಸಮಾನವೆಂದೇ ತೀರ್ಪು. ಮೂವರೂ ಬೇರೆಬೇರೆಯಾಗಿ ಸುಪ್ರೀಂ ಕೋರ್ಟಿಗೆ ಹೋದರು. ಜೀತಾ ಸಿಂಗನ ಅರ್ಜಿ 1976ರಲ್ಲಿ ತಿರಸ್ಕೃತವಾಯಿತು. ಕಾಶ್ಮೀರಾ ಸಿಂಗನ ಅರ್ಜಿ 1977ರಲ್ಲಿ ಬೇರೊಂದು ಪೀಠದ ಮುಂದೆ ಬಂದು, ಅವನ ಶಿಕ್ಷೆ ಜೀವಾವಧಿಗೆ ಇಳಿಯಿತು. ಹರ್‌ಬನ್ಸ್ ಸಿಂಗನ ಅರ್ಜಿ 1978ರಲ್ಲಿ ಮತ್ತೊಂದು ಪೀಠದ ಮುಂದೆ ಬಂದು ತಿರಸ್ಕೃತವಾಯಿತು. 1981ರ ಅಕ್ಟೋಬರ್ 6ರಂದು ಜೀತಾ ಸಿಂಗನನ್ನು ಗಲ್ಲಿಗೇರಿಸಲಾಯಿತು. ಅದೇ ದಿನ ಗಲ್ಲಿಗೆ ಹೋಗಬೇಕಾಗಿದ್ದ ಹರ್‌ಬನ್ಸ್ ಸಿಂಗನು ಮತ್ತೊಂದು ಅರ್ಜಿ ಹಾಕಿ ತಡೆ ಪಡೆದ. 1982ರಲ್ಲಿ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರ ಪೀಠವು, ಒಬ್ಬನಿಗೆ ದೊರೆತ ಜೀವದಾನ ಇವನಿಗೂ ದೊರೆಯಬೇಕೆಂದು ರಾಷ್ಟ್ರಪತಿಗಳಿಗೆ ಶಿಫಾರಸು ಮಾಡಿತು. ಇನ್ನು ಮುಂದೆ ಯಾರನ್ನೇ ಗಲ್ಲಿಗೇರಿಸುವ ಮುನ್ನ, ಅವನ ಜೊತೆಗಾರರಲ್ಲಿ ಯಾರ ಶಿಕ್ಷೆಯಾದರೂ ಇಳಿದಿದೆಯೇ ಎಂದು ಸೆರೆಮನೆಯ ಅಧಿಕಾರಿ ವಿಚಾರಿಸಿ ತಿಳಿಯಬೇಕೆಂದೂ ಹೇಳಿತು. ಒಳ್ಳೆಯ ನಿಯಮ. ಜೀತಾ ಸಿಂಗನ ಪಾಲಿಗೆ ಅದು ನಾಲ್ಕು ತಿಂಗಳು ತಡವಾಗಿ ಬಂದಿತು.

ನಮ್ಮ ಕರ್ನಾಟಕದ ನೆನಪು ಇನ್ನೂ ಹತ್ತಿರದ್ದು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಕಡೆಯ ಪಾಲಾರ್ ಬಳಿ ವೀರಪ್ಪನ್ ತಂಡದವರು ಹುಗಿದಿಟ್ಟ ಸಿಡಿಮದ್ದಿಗೆ 22 ಮಂದಿ ಬಲಿಯಾದರು. ಅವರಲ್ಲಿ ಪೊಲೀಸರಿದ್ದರು, ಅರಣ್ಯದ ಕಾವಲುಗಾರರಿದ್ದರು. ಅವರ ಮನೆಗಳ ಕತ್ತಲೆಯನ್ನು ಮರೆತು ದಯೆಯ ಮಾತನಾಡುವುದು ತರವಲ್ಲ. ತಂಡದವರೆಂದು ನಾಲ್ವರಿಗೆ ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಸಾಕ್ಷಿಗಳ ಮುಖವನ್ನು ಕಣ್ಣಾರೆ ಕಂಡ ನ್ಯಾಯಾಲಯ ಅದು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಅದನ್ನು ಮರಣದಂಡನೆಗೆ ಏರಿಸಿತು. ಆಗ ವೀರಪ್ಪನ್ ಇನ್ನೂ ಕಾಡಿನಲ್ಲಿದ್ದ. ಅದೇ ವರ್ಷದ ಅಕ್ಟೋಬರಿನಲ್ಲಿ ಅವನು ಪೊಲೀಸರ ಗುಂಡಿಗೆ ಸತ್ತ. ಯಾವ ನ್ಯಾಯಾಧೀಶರೂ ಅವನಿಗೆ ಶಿಕ್ಷೆ ಬರೆಯಬೇಕಾಗಲಿಲ್ಲ. ನಾಲ್ವರ ದಯಾಭಿಕ್ಷೆಯ ಅರ್ಜಿಗಳು ಒಂಬತ್ತು ವರ್ಷ ಕಾದು 2013ರಲ್ಲಿ ತಿರಸ್ಕೃತವಾದವು. 2014ರ ಜನವರಿ 21ರಂದು, ಆ ವಿಳಂಬವೇ ಕ್ರೂರವೆಂದು ಭಾವಿಸಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಮತ್ತೆ ಜೀವಾವಧಿಗೆ ಇಳಿಸಿತು. ಮೈಸೂರಿನ ನ್ಯಾಯಾಲಯ ಹೇಳಿದ್ದಲ್ಲಿಗೇ ಹದಿಮೂರು ವರ್ಷಗಳ ಮೇಲೆ ಬಂದು ನಿಂತಂತಾಯಿತು.

ಈ ಮೂರು ಖಟ್ಲೆಗಳು ಒಂದರಂತೆ ಒಂದಿಲ್ಲ. ಒಂದರಲ್ಲಿ ವಯಸ್ಸು ಅಡ್ಡಬಂದಿತು, ಒಂದರಲ್ಲಿ ಅರ್ಜಿ ಯಾವ ಪೀಠದ ಮುಂದೆ ಬಿತ್ತೆಂಬ ಅದೃಷ್ಟ, ಇನ್ನೊಂದರಲ್ಲಿ ಕಾಡು. ಆದರೆ ಮೂರರಲ್ಲಿಯೂ ನನಗೆ ಕಾಣುವುದು ಒಂದೇ ಭಯ. ಘೋರ ಕೃತ್ಯ ನಡೆದಾಗ ನಮ್ಮೆಲ್ಲರ ಮನಸ್ಸಿನಲ್ಲಿ ಒಂದು ಭಾರ ಏಳುತ್ತದೆ. ಅದನ್ನು ಎಲ್ಲಿಯಾದರೂ ಇಳಿಸಬೇಕು. ಹೊರಬೇಕಾದವನು ಸಿಕ್ಕದಿದ್ದರೆ ಅದು ಗಾಳಿಯಲ್ಲಿ ನಿಲ್ಲುವುದಿಲ್ಲ; ಸಿಕ್ಕವನ ಹೆಗಲ ಮೇಲೆ ಜಾರುತ್ತದೆ. ಭಾರ ಇಳಿಯಿತೆಂದು ನಾವು ಉಸಿರು ಬಿಡುತ್ತೇವೆ. ಹೆಗಲು ಯಾರದೆಂದು ನೋಡುವುದಿಲ್ಲ. ಆದ್ದರಿಂದಲೇ ಇನ್ನೊಬ್ಬನ ಬಲವಂತಕ್ಕೋ ಹಿಡಿತಕ್ಕೋ ಒಳಗಾಗಿ ನಡೆದವನೇ ಎಂದು ವಿಚಾರಿಸುವುದು, ಮರಣದಂಡನೆಯನ್ನು ಕುರಿತ 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಶಿಕ್ಷೆ ಇಳಿಸಲು ಗಮನಿಸಬೇಕಾದ ಸಂಗತಿಗಳಲ್ಲಿ ಒಂದಾಯಿತು. ಅದು ಬರಿಯ ಕರುಣೆಯಲ್ಲ. ಲೆಕ್ಕ ಸರಿಯಾಗಿರಬೇಕೆಂಬ ಕಟ್ಟುನಿಟ್ಟು.

ನಮ್ಮ ಬಾಗಿಲ ಹುಡುಗನ ಕಥೆಯ ಕೊನೆಯನ್ನೂ ಹೇಳಿಬಿಡುತ್ತೇನೆ. ಅವನ ಅರ್ಜಿ ಹೈಕೋರ್ಟಿನಲ್ಲಿ ತೀರ್ಮಾನವಾಗಲು ಬಹಳ ಕಾಲ ಹಿಡಿಯಿತು. ಸುಲಿಗೆಯ ಉದ್ದೇಶದಲ್ಲಿ ಅವನು ಪಾಲುಗಾರನೇ. ಆದರೆ ಕೊಲೆಯ ಉದ್ದೇಶ ಅವನಿಗೆ ಇತ್ತೆಂಬುದಕ್ಕೆ ಸಾಕ್ಷ್ಯವಿಲ್ಲ ಎಂದು ತೀರ್ಪಾಯಿತು. ಆಗಲೇ ಅನುಭವಿಸಿದ್ದ ಆರು ವರ್ಷಗಳ ಸೆರೆವಾಸವೇ ಸಾಕೆಂದು ಬಿಟ್ಟರು. ಒಂದು ದಿನ ಅವನು ನಮ್ಮ ಕಚೇರಿಗೆ ಬಂದ. ನಾನು ಗುರುತು ಹಿಡಿಯಲಿಲ್ಲ, ಅವನೇ ಹೇಳಿಕೊಂಡ. ಕೈಯಲ್ಲಿ ಹೈಕೋರ್ಟಿನ ತೀರ್ಪಿನ ನಕಲು. ಅವನಿಗೆ ಓದಲು ಬಾರದು. ಅದು ಇಂಗ್ಲಿಷಿನಲ್ಲಿ ಬೇರೆ ಇತ್ತು. "ನಾನು ಒಳಗೆ ಹೋಗಲಿಲ್ಲ ಎಂದು ಇದರಲ್ಲಿ ಎಲ್ಲಿ ಬರೆದಿದೆ, ಸ್ವಾಮಿ? ಅಷ್ಟು ತೋರಿಸಿ" ಎಂದ.

ನಾನು ಹುಡುಕಿ ತೋರಿಸಿದೆ. ಕನ್ನಡದಲ್ಲಿ ಎರಡು ಸಲ ಹೇಳಿದೆ. ಅವನು ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಿದ್ದ. ಅನಂತರ, ನಾನು ಕೇಳದೆಯೇ, "ಆದರೆ ಕೂಗಬೇಕಾಗಿತ್ತು" ಎಂದ. ಕಾಗದವನ್ನು ಮಡಿಸಿ ಅಂಗಿಯೊಳಗೆ ಇಟ್ಟುಕೊಂಡು ಹೊರಟುಹೋದ. ಆ ಮಗಳು ಆಡಿದ ಮಾತು ಇವನಿಗೆ ಯಾರೂ ಹೇಳಿದ್ದಲ್ಲ. ಆರು ವರ್ಷ ಒಳಗಿದ್ದು ಅವನೇ ಕಂಡುಕೊಂಡದ್ದು.

ಇದನ್ನೆಲ್ಲ ನನ್ನ ಶ್ರೀಮತಿಗೆ ಆ ಸಂಜೆ ಹೇಳಿದೆ. ಅವಳು ಭರಣಿಯ ಹೋಳುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿಟ್ಟು, ಮೂಲೆಯಲ್ಲಿ ನಿಂತಿದ್ದ ಆಪಾದಿತನನ್ನು ಕರೆದು, "ಸ್ಟೂಲು ಏಕೆ ಹಿಡಿದೆಯೋ?" ಎಂದು ಕೇಳಿದಳು. ಅಲ್ಲಿಯವರೆಗೆ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ.

"ಅಣ್ಣ ಬಿದ್ದುಬಿಡುತ್ತಾನೆಂದು" ಎಂದ ಅವನು.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಟೆಲಿಫೋನು ತೆಗೆದುಕೊಂಡು ಮಗಳ ಮನೆಗೆ ಮಾತನಾಡಿದಳು. ದೊಡ್ಡವನಿಗೆ ಅವನ ಪಾಲು ಅಲ್ಲಿಯೇ ಸಂದಿತು. ಚಿಕ್ಕವನ ಶಿಕ್ಷೆ ರದ್ದಾಗಲಿಲ್ಲ, ಇಳಿಯಿತು. ಅಣ್ಣ ಹತ್ತುವಾಗಲೇ ಅಜ್ಜಿಯನ್ನು ಕೂಗದೆ ಇದ್ದದ್ದಕ್ಕಾಗಿ ಒಂದು ದಿನ ತಿಂಡಿಯಿಲ್ಲ ಎಂದಾಯಿತು. ಅವನು ತಲೆಯಾಡಿಸಿ ಒಪ್ಪಿಕೊಂಡ. ಆ ರಾತ್ರಿ ಅವನು ಅಜ್ಜಿಯ ಪಕ್ಕದಲ್ಲಿಯೇ ಮಲಗಿದ.